ಲೆಕ್ಕ ಬಂದಲ್ಲಿ ಕಥೆ ನಿಲ್ಲಿಸಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ. ಫೋನಿನಲ್ಲಿ, ಟ್ಯಾಬಿನಲ್ಲಿ ಬರುವ ಮಕ್ಕಳ ಕಥೆ ಪುಸ್ತಕಗಳು. ಬೆರಳಿಟ್ಟರೆ ಚಿತ್ರ ಕದಲುತ್ತದೆ, ಹಕ್ಕಿ ಎಣಿಸು ಅನ್ನುತ್ತದೆ, ಹಣ್ಣು ಕೂಡು ಅನ್ನುತ್ತದೆ. ಇದರಿಂದ ಮಗುವಿಗೆ ಲೆಕ್ಕ ಬರುತ್ತಾ ಅನ್ನೋದು ಎಲ್ಲರ ಪ್ರಶ್ನೆ. ನಾನು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆಯೇ ಕೆಲಸ ಮಾಡಿ ನಿವೃತ್ತಳಾದವಳು. ಕೊನೆಯ ವರ್ಷಗಳಲ್ಲಿ ಇಂಥ ಕಥೆಗಳನ್ನು ತರಗತಿಯಲ್ಲಿ ಬಳಸಿದ್ದೇನೆ. ಈಗ ಮೊಮ್ಮಗನ ಜೊತೆ ಓದುತ್ತೇನೆ. ಕಣ್ಣಾರೆ ನೋಡಿದ್ದನ್ನೂ ತಿಳಿದವರು ಪರೀಕ್ಷಿಸಿ ಹೇಳಿದ್ದನ್ನೂ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಫೋನಿನಲ್ಲಿ ಬಾತುಕೋಳಿಗಳನ್ನು ತಾನೇ ಎಣಿಸಿ ಹೇಳುವ ಕಥೆ ನೋಡಿ ನೋಡಿ ಐವತ್ತರವರೆಗೆ ಗಡಗಡ ಹೇಳುತ್ತಾಳೆ. ಆದರೆ ‘ಐದು ಬಟ್ಟೆ ಕ್ಲಿಪ್ ತಂದುಕೊಡು ಪುಟ್ಟಿ’ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. ನಮ್ಮತ್ತೆ ‘ಇವಳಿಗೆ ಲೆಕ್ಕ ತಲೆಗೆ ಹೋಗಲ್ಲ’ ಅಂತಿದ್ದಾರೆ. ತೊಂದರೆ ಇರೋದು ಪುಸ್ತಕದಲ್ಲಾ, ಮಗುವಿನಲ್ಲಾ?
— ಒಬ್ಬ ತಾಯಿ, ಹಾಸನ

ಉತ್ತರ: ಮಗು ಚೆನ್ನಾಗೇ ಇದ್ದಾಳೆ, ತಾಯಿ. ನಿಮ್ಮತ್ತೆಗೂ ಹೇಳಿ, ನಾಲ್ಕೂವರೆ ವರ್ಷದಲ್ಲಿ ಹಾಗೆ ತೀರ್ಮಾನ ಮಾಡೋದು ಬೇಡ.

ಸಂಖ್ಯೆಗಳನ್ನು ಸಾಲಾಗಿ ಹೇಳೋದು ಬೇರೆ, ಎಣಿಸೋದು ಬೇರೆ. ಸಾಲಾಗಿ ಹೇಳೋದು ಹಾಡಿನ ಹಾಗೆ ಬಾಯಿಗೆ ಬರುತ್ತದೆ. ಎಣಿಸುವಾಗ ಮಗು ಒಂದೇ ಸಲಕ್ಕೆ ಹಲವು ಕೆಲಸ ಮಾಡಬೇಕು. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು, ಯಾವುದನ್ನೂ ಬಿಡಬಾರದು, ಎರಡು ಸಲ ಮುಟ್ಟಬಾರದು. ಎಲ್ಲಕ್ಕಿಂತ ಕಷ್ಟದ್ದು ಏನಂದ್ರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ ಅಂತ ತಿಳಿಯಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಸಿ.ಆರ್. ಗ್ಯಾಲಿಸ್ಟಲ್ 1978ರಲ್ಲೇ ಇವುಗಳನ್ನು ಬಿಡಿಸಿ ಬರೆದರು. ಒಂದನೇ ತರಗತಿಗೆ ಪಾಠ ಮಾಡುವ ಯಾರಿಗಾದರೂ ಇದು ದಿನಾ ಕಾಣುತ್ತದೆ.

ಮನೆಯಲ್ಲೇ ನೋಡಿ. ಐದು ಕ್ಲಿಪ್ ಸಾಲಾಗಿ ಇಟ್ಟು ಎಣಿಸು ಅನ್ನಿ. ‘ಒಂದು, ಎರಡು, ಮೂರು, ನಾಲ್ಕು, ಐದು’ ಅಂತಾಳೆ. ತಕ್ಷಣ ‘ಹಾಗಾದ್ರೆ ಒಟ್ಟು ಎಷ್ಟಿವೆ?’ ಅಂತ ಕೇಳಿ. ‘ಐದು’ ಅಂದರೆ ಸರಿ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದರೆ ಕೊನೆಯ ಸಂಖ್ಯೆಯ ಗುಟ್ಟು ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಮಕ್ಕಳಿಗೆ ಮೊದಲು ‘ಒಂದು ಕೊಡು’ ಅನ್ನೋದು ತಿಳಿಯುತ್ತದೆ. ಕೆಲವು ತಿಂಗಳಾದ ಮೇಲೆ ‘ಎರಡು ಕೊಡು’, ಆಮೇಲೆ ‘ಮೂರು ಕೊಡು’. ಅಲ್ಲಿಂದ ಮುಂದೆ ಒಂದು ದಿನ ಎಣಿಕೆಯ ಗುಟ್ಟೇ ಹೊಳೆದು ಐದು, ಆರು, ಎಂಟು ಎಲ್ಲ ಒಟ್ಟಿಗೆ ಸಲೀಸಾಗುತ್ತವೆ. ನಿಮ್ಮ ಮಗಳು ಆ ಹಾದಿಯಲ್ಲೇ ಇದ್ದಾಳೆ.

ಈಗ ಪುಸ್ತಕದ ವಿಷಯ. ನೀವು ಬರೆದದ್ದು ನೋಡಿದರೆ ಅದು ತಾನೇ ಎಣಿಸುತ್ತದೆ. ದನಿ ‘ಒಂದು’ ಅನ್ನುತ್ತದೆ, ಬಾತುಕೋಳಿ ಜಿಗಿಯುತ್ತದೆ. ‘ಎರಡು’ ಅನ್ನುತ್ತದೆ, ಇನ್ನೊಂದು ಜಿಗಿಯುತ್ತದೆ. ಅಂದರೆ ಎಣಿಸುವ ಕೆಲಸವನ್ನೆಲ್ಲ ಪುಸ್ತಕವೇ ಮಾಡಿ ಮುಗಿಸಿತು. ಮಗು ಬಾಯಿ ಸೇರಿಸಿತು, ಅಷ್ಟೇ. ಹಾಗಾಗಿ ಐವತ್ತರವರೆಗೆ ಬಾಯಿಗೆ ಬಂತು, ಕೈಗೆ ಬರಲಿಲ್ಲ.

ಅದೇ ಪುಸ್ತಕವನ್ನು ಹೀಗೆ ಓದಿ. ತಾನಾಗಿ ಪುಟ ತಿರುಗುವುದನ್ನು ನಿಲ್ಲಿಸಿ, ದನಿಯನ್ನೂ ಬಂದ್ ಮಾಡಿ. ಕಥೆ ನೀವು ಹೇಳಿ. ಬಾತುಕೋಳಿಗಳ ಪುಟ ಬಂದಾಗ ಅವಳ ಬೆರಳಿನಿಂದಲೇ ಒಂದೊಂದನ್ನು ಮುಟ್ಟಿಸಿ. ಮುಗಿದ ಮೇಲೆ ‘ಎಷ್ಟಿವೆ?’ ಅಂತ ಕೇಳಿ ಕಾಯಿರಿ. ಅವಳು ಸುಮ್ನಿದ್ದರೂ ಕಾಯಿರಿ. ಆಮೇಲೆ ಫೋನ್ ಬೋರಲು ಹಾಕಿ ‘ಅಲ್ಲಿ ಎಷ್ಟು ಬಾತುಕೋಳಿ ಇದ್ದವೋ ಇಲ್ಲಿ ಅಷ್ಟು ಕ್ಲಿಪ್ ಇಡು’ ಅನ್ನಿ. ಮೂರರಿಂದ ಶುರು ಮಾಡಿ, ಐದಕ್ಕೆ ಆತುರ ಬೇಡ. ಐವತ್ತರವರೆಗೆ ಯಾರ ಮುಂದೂ ಒಪ್ಪಿಸು ಅಂತ ಹೇಳಬೇಡಿ. ಮೂರು ಅಂದರೆ ಎಷ್ಟು ಅಂತ ಗಟ್ಟಿಯಾಗಿ ತಿಳಿದ ಮಗುವನ್ನು ಕಂಡರೆ ನನಗೆ ಜಾಸ್ತಿ ಸಂತೋಷ.

ಪ್ರಶ್ನೆ: ನಮಸ್ಕಾರ್ರೀ ಟೀಚರ್. ಮಗ ಒಂದನೇತ್ತ. ಲೆಕ್ಕದ ಕಥೆಗಳ ಆ್ಯಪ್ ಅಂತ ಹುಡುಕಿದ್ರ ನೂರಾರು ಬರ್ತಾವ. ವರ್ಷಕ್ಕ ಸಾವಿರಾರು ರೂಪಾಯಿ ಕೇಳೋವೂ ಅದಾವ. ಕನ್ನಡದಾಗ ಒಳ್ಳೇವು ಪುಕ್ಕಟೆ ಸಿಗ್ತಾವೇನ್ರೀ? ಒಳ್ಳೇದು ಯಾವುದು ಅಂತ ಗುರುತು ಹಿಡಿಯೋದು ಹ್ಯಾಂಗ?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಸಿಗ್ತಾವ್ರೀ. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಅನ್ನೋ ಜಾಲತಾಣ ಇದೆ. ಕನ್ನಡದ ಕಥೆಗಳು ಬೇಕಾದಷ್ಟಿವೆ, ಎಣಿಕೆ, ಅಳತೆ, ಆಕಾರಗಳ ಕಥೆಗಳೂ ಇವೆ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ಜೋಡಿಸಿದ್ದಾರೆ. ದುಡ್ಡಿಲ್ಲ, ಇಳಿಸಿಕೊಂಡು ಮುದ್ರಿಸಲೂಬಹುದು. ಕೆಲವು ಕಥೆಗಳನ್ನು ಅದೇ ಓದಿ ಹೇಳುತ್ತದೆ, ಓದುತ್ತಿರುವ ಪದ ಬಣ್ಣಕ್ಕೆ ತಿರುಗುತ್ತದೆ. ಬೆಂಗಳೂರಿನದೇ ಅಕ್ಷರ ಫೌಂಡೇಶನ್ ಮಾಡಿದ ‘ಬಿಲ್ಡಿಂಗ್ ಬ್ಲಾಕ್ಸ್’ ಅನ್ನೋ ಆ್ಯಪ್ ಕನ್ನಡದಲ್ಲಿದೆ, ಅದೂ ಪುಕ್ಕಟೆ. ಅದು ಕಥೆ ಪುಸ್ತಕ ಅಲ್ಲ, ಶಾಲೆಯ ಗಣಿತಕ್ಕೆ ಹೊಂದುವ ಅಭ್ಯಾಸದ ಆಟಗಳು. ಕಥೆ ಓದಿದ ಮೇಲೆ ಕೈ ಪಳಗಿಸಲು ಒಳ್ಳೆಯದು. ಇಷ್ಟು ಇಟ್ಟುಕೊಂಡರೆ ಸಾವಿರಾರು ರೂಪಾಯಿ ಕೊಡುವ ಅಗತ್ಯ ನನಗೆ ಕಾಣಲ್ಲ.

ಗುರುತು ಹಿಡಿಯೋದು ಹೇಗೆ ಅಂದ್ರಿ. ಪುಸ್ತಕ ತೆರೆದ ಕೂಡಲೇ ನಾನು ನೋಡೋದು ಇದನ್ನ: ಲೆಕ್ಕವನ್ನು ಕಿತ್ತುಹಾಕಿದರೆ ಕಥೆ ಮುಂದೆ ಹೋಗುತ್ತಾ? ಹೋಗುತ್ತದೆ ಅಂದರೆ ಅಲ್ಲಿ ಲೆಕ್ಕವನ್ನು ಸುಮ್ನೆ ಅಂಟಿಸಿದ್ದಾರೆ. ರಾಜಕುಮಾರಿ ಕಾಡಿನಲ್ಲಿ ಹೋಗ್ತಾಳೆ, ನಡುವೆ ಮರದಿಂದ ಒಂದು ಕೋತಿ ಇಳಿದು ‘3 + 2 ಎಷ್ಟು?’ ಅನ್ನುತ್ತದೆ. ಉತ್ತರ ಒತ್ತಿದರೆ ಚಪ್ಪಾಳೆ, ನಕ್ಷತ್ರ. ರಾಜಕುಮಾರಿಗೂ ಆ ಐದಕ್ಕೂ ಏನು ಸಂಬಂಧ? ಮಗುವಿಗೆ ಆ ಲೆಕ್ಕ ದಾರಿಗೆ ಅಡ್ಡ ಹಾಕಿದ ಗೇಟು.

ಇನ್ನೊಂದು ಥರದ ಪುಟ ಹೇಳ್ತೀನಿ. ಮದುವೆ ಮನೆ. ಐದು ಜನ ಊಟಕ್ಕೆ ಬಂದು ಪಂಕ್ತಿಯಲ್ಲಿ ಕೂರಬೇಕು. ಮಗು ಬೆರಳಿನಿಂದ ಬಾಳೆಎಲೆ ಎಳೆದು ಎಳೆದು ಹಾಸಬೇಕು. ನಾಲ್ಕೇ ಹಾಸಿತು ಅನ್ನಿ. ನಾಲ್ವರು ಕೂತರು, ಐದನೆಯವರು ಕೈಯಲ್ಲಿ ಲೋಟ ಹಿಡಿದು ನಿಂತೇ ಇದ್ದಾರೆ. ‘ತಪ್ಪು’ ಅಂತ ಯಾರೂ ಹೇಳಲಿಲ್ಲ, ಕೆಂಪು ಗುರುತು ಬರಲಿಲ್ಲ, ಠೊಂಯ್ ಅಂತ ಸದ್ದೂ ಆಗಲಿಲ್ಲ. ಆದರೂ ಮಗುವಿಗೆ ಗೊತ್ತಾಯಿತು. ‘ಅಯ್ಯೋ, ಅಜ್ಜನಿಗೆ ಎಲೆ ಇಲ್ಲ!’ ಅಂತ ಇನ್ನೊಂದು ಎಳೆಯುತ್ತದೆ. ಇಲ್ಲಿ ಲೆಕ್ಕ ತೆಗೆದರೆ ಕಥೆಯೇ ಇಲ್ಲ. ಇನ್ನು ಆರು ಹಾಸಿದರೆ? ಒಂದು ಎಲೆ ಖಾಲಿ ಉಳಿಯುತ್ತದೆ. ‘ಯಾರಿಗೆ ಇದು?’ ಅಂತ ನೀವು ಕೇಳಬಹುದು. ಹೆಚ್ಚು, ಕಮ್ಮಿ, ಸಮ ಎಲ್ಲ ಒಂದೇ ಪುಟದಲ್ಲಿ ಬಂತು ನೋಡ್ರಿ. ಇಂಥ ಪುಟ ಎರಡು ಇದ್ದರೂ ಸಾಕು, ಆ ಪುಸ್ತಕ ಇಟ್ಟುಕೊಳ್ಳಿ.

ಮುಟ್ಟಿದಲ್ಲೆಲ್ಲ ಏನೋ ಒಂದು ಆಗುವ ಪುಸ್ತಕಗಳನ್ನು ದೂರ ಇಡಿ. ಮೋಡ ಮುಟ್ಟಿದರೆ ಗುಡುಗು, ನಾಯಿ ಮುಟ್ಟಿದರೆ ಬೌ ಬೌ, ಹೂ ಮುಟ್ಟಿದರೆ ಹಾಡು. ಮಗು ಮುಟ್ಟುತ್ತಾ ಕೂತರೆ ಕಥೆಯ ಎಳೆ ತಪ್ಪುತ್ತದೆ. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ಆವರೆಗೆ ನಡೆದ ಹತ್ತಾರು ಅಧ್ಯಯನಗಳನ್ನು 2015ರಲ್ಲಿ ಒಟ್ಟು ಮಾಡಿ ನೋಡಿದಾಗ ಇದೇ ಕಂಡಿತು. ಕಥೆಗೆ ಹೊಂದುವ ಚಲನೆ, ಸದ್ದು ಇದ್ದರೆ ಮಗುವಿಗೆ ಕಥೆ ಚೆನ್ನಾಗಿ ಅರ್ಥ ಆಗುತ್ತದೆ. ಕಥೆಗೆ ಸಂಬಂಧವಿಲ್ಲದ ಒತ್ತುವ ಜಾಗಗಳು, ಆಟಗಳು ಜಾಸ್ತಿಯಾದಷ್ಟೂ ಅರ್ಥ ಆಗೋದು ಕಮ್ಮಿ.

ಪ್ರಶ್ನೆ: ಎಷ್ಟು ಹೊತ್ತು ತೋರಿಸಬಹುದು? ಮಗನಿಗೆ ಮೂರು ವರ್ಷ.
— ಒಬ್ಬ ತಾಯಿ, ಉಡುಪಿ

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಎಲ್ಲ ಪರದೆ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. ಇದರಲ್ಲಿ ಟಿವಿಯೂ ಸೇರಿತು. ಲೆಕ್ಕದ ಕಥೆಗೆ ಹತ್ತು ನಿಮಿಷ ಸಾಕು. ಊಟ ಮಾಡಿಸುವಾಗ ಮಾತ್ರ ಬೇಡ. ಆಗ ಕಥೆಯೂ ತಲೆಗೆ ಹೋಗಲ್ಲ, ಊಟವೂ ಮೈಗೆ ಹತ್ತಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಲಿಕಲಿ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸುವ ಪದ್ಧತಿ) ಶಿಕ್ಷಕ. ಶಾಲೆಗೆ ದಾನಿಗಳು ಒಂದು ಸ್ಮಾರ್ಟ್ ಟಿವಿ ಕೊಟ್ಟಿದ್ದಾರೆ. ನೆಟ್ ಬರಲ್ಲ. ಇಪ್ಪತ್ತೆಂಟು ಮಕ್ಕಳು, ಮೂರು ತರಗತಿ ಒಟ್ಟಿಗೆ. ಮಕ್ಕಳಿಗೆ ಕೈಗೊಂದು ಟ್ಯಾಬ್ ಇದ್ದರೆ ಈ ಕಥೆಗಳಿಂದ ಕಲಿಸಬಹುದಿತ್ತು. ಒಂದೇ ಪರದೆಯಲ್ಲಿ ಏನು ಮಾಡಲಿ?
— ಒಬ್ಬ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಮೇಷ್ಟ್ರೇ, ಒಂದೇ ಪರದೆ ಇರೋದು ಕೊರತೆ ಅಂದ್ಕೋಬೇಡಿ. ಕೈಗೊಂದು ಟ್ಯಾಬ್ ಇದ್ದರೆ ಪ್ರತಿ ಮಗುವೂ ತನ್ನಷ್ಟಕ್ಕೆ ಒತ್ತಿ ಮುಂದೆ ಹೋಗುತ್ತದೆ. ಒಂದೇ ಪರದೆ ಇದ್ದರೆ ಎಲ್ಲರೂ ಒಂದೇ ಪುಟದಲ್ಲಿ ನಿಲ್ಲಬೇಕು, ಮಾತಾಡಬೇಕು, ಜಗಳ ಆಡಬೇಕು. ಲೆಕ್ಕ ಹುಟ್ಟೋದು ಆ ಜಗಳದಲ್ಲಿ. ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದಾಗಲೂ ಮಕ್ಕಳು ಗುಂಪಿನಲ್ಲಿ ಕೂತು ಒಬ್ಬರಿಂದೊಬ್ಬರು ಕಲಿಯಲಿ ಅನ್ನೋದೇ ಇತ್ತಲ್ವಾ. ಟಿವಿಯೂ ಆ ಗುಂಪಿನ ಒಂದು ಕಾರ್ಡು ಅಂದುಕೊಳ್ಳಿ.

ನೆಟ್ ಇಲ್ಲದಿದ್ದರೆ ಪಟ್ಟಣಕ್ಕೆ ಹೋದಾಗ ಕಥೆಗಳನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ. ಪುಟಗಳನ್ನು ಒಂದೊಂದು ಚಿತ್ರವಾಗಿ ಉಳಿಸಿದರೆ ಇನ್ನೂ ಒಳ್ಳೆಯದು, ಯಾವ ಟಿವಿಯಾದರೂ ತೋರಿಸುತ್ತದೆ. ಆದರೆ ನಾನು ನಿಮಗೆ ಹೇಳಬೇಕು ಅಂದುಕೊಂಡಿರೋದು ಬೇರೆ. ಕಥೆ ಪುಸ್ತಕ ನೀವೇ ಮಾಡಿ. ಮಕ್ಕಳ ಜೊತೆ ಸೇರಿ ಮಾಡಿ.

ನಮ್ಮ ಶಾಲೆಯ ಅಡುಗೆಮನೆ ಹಿಂದೆ ಒಂದು ಕೋಳಿ ಕಾವಿಗೆ ಕೂತಿತ್ತು. 21 ದಿನ ಆದ ಮೇಲೆ ಮರಿ ಹೊರಬಂದವು, ಏಳು. ಮಕ್ಕಳಿಗೆ ಬೇರೆ ಮಾತೇ ಇರಲಿಲ್ಲ. ಅದನ್ನೇ ಕಥೆ ಮಾಡಿದೆವು. ಹಾಳೆಯ ಮೇಲೆ ಮಕ್ಕಳೇ ಚಿತ್ರ ಬರೆದರು. ಕೋಳಿಯ ರೆಕ್ಕೆಯನ್ನು ಮಾತ್ರ ಬೇರೆ ಕಾಗದದಲ್ಲಿ ಕತ್ತರಿಸಿ, ಮೇಲ್ತುದಿಗೆ ಗೋಂದು ಹಚ್ಚಿ ಅಂಟಿಸಿದೆವು. ಎತ್ತಿದರೆ ಕೆಳಗೆ ಮರಿಗಳು. ರೆಕ್ಕೆ ಇಳಿಸಿ ಒಂದು ಫೋಟೊ, ಎತ್ತಿ ಒಂದು ಫೋಟೊ. ಟಿವಿಯಲ್ಲಿ ಒಂದಾದ ಮೇಲೊಂದು ಬರುತ್ತದೆ. ರಿಮೋಟಿನ ಬಾಣದ ಗುಂಡಿ ಒತ್ತಿದರೆ ಕೋಳಿ ರೆಕ್ಕೆ ಎತ್ತಿದ ಹಾಗೇ ಕಾಣುತ್ತದೆ.

ಹಿಂದಿನ ಪುಟದಲ್ಲಿ ಏಳು ಮರಿ ಎಣಿಸಿ ಆಗಿದೆ. ಈ ಪುಟದಲ್ಲಿ ಆಕಾಶದಲ್ಲಿ ಹದ್ದು. ಕೋಳಿ ಕೂಗಿದೆ, ಮರಿಗಳು ಓಡಿ ಬಂದಿವೆ. ಹೊರಗೆ ಕಾಣೋದು ನಾಲ್ಕೇ. ನಾನು ರಿಮೋಟು ಹಿಡಿದು ‘ರೆಕ್ಕೆ ಕೆಳಗೆ ಎಷ್ಟಿವೆ?’ ಅಂತ ಕೇಳಿದೆ. ಕಾಣದೆ ಇರೋದನ್ನು ಎಣಿಸೋಕಾಗಲ್ಲ, ಯೋಚನೆಯನ್ನೇ ಮಾಡಬೇಕು. ಒಬ್ಬ ಹುಡುಗ ನಾಲ್ಕು ಬೆರಳು ಮಡಚಿ ಹಿಡಿದು, ಒಂದೊಂದೇ ಬೆರಳು ಬಿಚ್ಚುತ್ತಾ ‘ಐದು, ಆರು, ಏಳು’ ಅಂದು ಬಿಚ್ಚಿದ ಬೆರಳುಗಳನ್ನು ನೋಡಿ ‘ಮೂರು’ ಅಂದ. ಒಬ್ಬಳು ಏಳು ಹುಣಸೆಬೀಜ ಇಟ್ಟು ನಾಲ್ಕನ್ನು ಪಕ್ಕಕ್ಕೆ ತಳ್ಳಿದಳು. ಇನ್ನೊಬ್ಬ ‘ಏಳು’ ಅಂತ ಕೂಗಿದ. ಅವನಿಗೆ ಪಕ್ಕದವಳು ‘ಏಳು ಎಲ್ಲಾ ಸೇರಿ ಕಣೋ, ಹೊರಗಿರೋವು ಯಾರ ಮರಿ ಮತ್ತೆ?’ ಅಂದಳು. ನಾನು ಯಾರಿಗೂ ಸರಿ ಅನ್ನಲಿಲ್ಲ. ಎಲ್ಲರೂ ತಮ್ಮ ಉತ್ತರವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿದ ಮೇಲೇ ಗುಂಡಿ ಒತ್ತಿದ್ದು. ಮೂರು ಮರಿ ಕಂಡಾಗ ತರಗತಿ ಪೂರ್ತಿ ಎದ್ದು ನಿಂತಿತ್ತು.

7 – 4 = 3 ಅಂತ ಹಲಗೆಯ ಮೇಲೆ ಬರೆದದ್ದು ಅದಾದ ಮೇಲೆ. ‘ಕಳೆ’ ಅನ್ನೋ ಗುರುತಿಗೆ ಆಗ ಒಂದು ಕೆಲಸ ಇತ್ತು. ಆಮೇಲೆ ಟಿವಿ ಆಫ್. ಇಬ್ಬಿಬ್ಬರಿಗೆ ಒಂದು ತೆಂಗಿನ ಚಿಪ್ಪು, ಹತ್ತು ಬೀಜ. ಒಬ್ಬರು ಚಿಪ್ಪಿನ ಕೆಳಗೆ ಬಚ್ಚಿಡೋದು, ಇನ್ನೊಬ್ಬರು ಹೇಳೋದು.

ನಿಮ್ಮ ಕಡೆ ಎರಡು, ಮೂರನೇ ತರಗತಿಗೆ ತೊಗರಿ ಕಟ್ಟಿಗೆಯ ಕಥೆ ಮಾಡಿ. ಹತ್ತು ಕಡ್ಡಿಗೆ ಒಂದು ಕಟ್ಟು. ಬಂಡಿಯಲ್ಲಿ ಮೂರು ಕಟ್ಟು, ಎಂಟು ಬಿಡಿ, ಅಂದರೆ 38. ಅಜ್ಜಿ ಬಂದು ಒಲೆಗೆ ಒಂಬತ್ತು ಕಡ್ಡಿ ಕೇಳುತ್ತಾಳೆ. ಬಿಡಿ ಇರೋದು ಎಂಟೇ. ಇಲ್ಲಿ ಕಥೆ ನಿಲ್ಲಿಸಿ. ಏನು ಮಾಡೋಣ ಅಂತ ಕೇಳಿ. ಒಂದು ಕಟ್ಟು ಬಿಚ್ಚಬೇಕು ಅಂತ ಮಕ್ಕಳೇ ಹೇಳುತ್ತಾರೆ. ಮುಂದಿನ ಫೋಟೊದಲ್ಲಿ ಬಿಚ್ಚಿದ ಕಟ್ಟು, ಈಗ ಎರಡು ಕಟ್ಟು, ಹದಿನೆಂಟು ಬಿಡಿ. ಅಜ್ಜಿಗೆ ಒಂಬತ್ತು ಕೊಟ್ಟರೆ ಉಳಿದದ್ದು 29. ಪಕ್ಕದ ಮನೆಯಿಂದ ‘ಸಾಲ ತಗೊಳ್ಳೋದು’ ಅಂತ ನಾವು ಬರೀ ಬಾಯಲ್ಲಿ ಹೇಳಿಕೊಡುವ ವಿಷಯ ಇದೇ. ಹಗ್ಗ ಬಿಚ್ಚೋದನ್ನು ಕಂಡ ಮಗುವಿಗೆ ಆ ಹತ್ತು ಎಲ್ಲಿಂದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಟಿವಿಯ ಮುಂದೆ ನಿಜವಾದ ಕಟ್ಟುಗಳನ್ನೂ ಇಡಿ. ಚಿತ್ರದಲ್ಲಿ ಬಿಚ್ಚಿದಾಗ ಕೈಯಲ್ಲೂ ಬಿಚ್ಚಲಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಬೆಳಿಗ್ಗೆ ಎದ್ದು ಮಗ್ಗಿ ಒಪ್ಪಿಸಿದರೇ ಕಾಫಿ. ಇಪ್ಪತ್ತರ ಮಗ್ಗಿ ಇವತ್ತಿಗೂ ಬಾಯಲ್ಲಿದೆ. ಮೊಮ್ಮಗಳು ಮೂರನೇ ತರಗತಿ, ಟ್ಯಾಬಿನಲ್ಲಿ ಗುಣಾಕಾರದ ಕಥೆ ನೋಡುತ್ತಾಳೆ. ಏಳೆಂಟ್ಲಿ ಎಷ್ಟು ಅಂದರೆ ಗೋಡೆ ನೋಡುತ್ತಾಳೆ. ಈ ಕಥೆಗಳೆಲ್ಲ ಕಾಲಹರಣ ಅಂತ ನನ್ನ ಅಭಿಪ್ರಾಯ. ತಾವೇನು ಹೇಳುತ್ತೀರಮ್ಮ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಮಗ್ಗಿ ಬೇಕು ಸಾರ್. ಅದರಲ್ಲಿ ನನ್ನದೂ ನಿಮ್ಮದೂ ಒಂದೇ ಮಾತು. ಭಾಗಾಕಾರಕ್ಕೆ ಬಂದಾಗ ಮಗ್ಗಿ ಬಾರದ ಮಗು ಹೆಜ್ಜೆಹೆಜ್ಜೆಗೂ ಎಡವುತ್ತದೆ. ಆದರೆ ಏಳೆಂಟ್ಲಿ ಮರೆತುಹೋದ ಮಗುವಿಗೆ ಅದನ್ನು ಮತ್ತೆ ಕಟ್ಟಿಕೊಳ್ಳುವ ದಾರಿಯೂ ಗೊತ್ತಿರಬೇಕು. ಕಥೆಯ ಕೆಲಸ ಅಲ್ಲಿ.

ಮೊಮ್ಮಗಳು ನೋಡುವ ಕಥೆಯಲ್ಲಿ ಸಾಲು ಸಾಲು ಗಿಡಗಳೋ, ಪೆಟ್ಟಿಗೆಯೊಳಗಿನ ಮಾವಿನಹಣ್ಣೋ ಇದ್ದರೆ ಅಲ್ಲಿ ನಿಲ್ಲಿಸಿ. ಎಂಟು ಸಾಲು, ಸಾಲಿಗೆ ಏಳು ಹಣ್ಣು ಅಂತ ಇಟ್ಟುಕೊಳ್ಳಿ. ಐದು ಸಾಲಿನ ಕೆಳಗೆ ನಿಮ್ಮ ಕೈಯನ್ನು ಅಡ್ಡ ಇಡಿ. ಮೇಲೆ ಏಳೈದ್ಲಿ ಮೂವತ್ತೈದು, ಕೆಳಗೆ ಏಳ್ಮೂರ್ಲಿ ಇಪ್ಪತ್ತೊಂದು. ಎರಡನ್ನೂ ಕೂಡಿದರೆ ಐವತ್ತಾರು. ಐದರ ಮಗ್ಗಿ ಎಲ್ಲ ಮಕ್ಕಳಿಗೂ ಬರುತ್ತದೆ, ಅದನ್ನು ಹಿಡಿದು ಮುಂದಿನದನ್ನು ತಲುಪಬಹುದು ಅಂತ ಒಮ್ಮೆ ತಿಳಿದರೆ ಗೋಡೆ ನೋಡೋದು ನಿಲ್ಲುತ್ತದೆ. ಹೀಗೆ ಕೆಲವು ಸಲ ಕಟ್ಟಿಕೊಂಡ ಮೇಲೆ ಬಾಯಿಪಾಠ ಮಾಡಿಸಿ. ನಿಲ್ಲುತ್ತದೆ.

ಲೆಕ್ಕವನ್ನು ಕಥೆಯಾಗಿ ಹೇಳೋದು ಟ್ಯಾಬಿನ ಜೊತೆ ಬಂದದ್ದಲ್ಲ ಸಾರ್. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹಾರ ಹರಿದು ಚೆಲ್ಲಾಪಿಲ್ಲಿಯಾದ ಮುತ್ತುಗಳ ಲೆಕ್ಕ ಇದೆ. ಎಷ್ಟು ಪಾಲು ಮುತ್ತು ಹಾಸಿಗೆಯ ಮೇಲೆ ಬಿದ್ದವು, ಎಷ್ಟು ಪಾಲು ಬೇರೆ ಕಡೆ ಚೆದುರಿದವು ಅಂತ ಹೇಳಿ, ಹಾರದಲ್ಲಿ ಒಟ್ಟು ಎಷ್ಟಿದ್ದವು ಅಂತ ಕೇಳುತ್ತಾನೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ನಮ್ಮ ನೆಲದಲ್ಲಿ ಈ ರೂಢಿಗೆ ಇಷ್ಟು ವಯಸ್ಸಾಗಿದೆ ಅಂತ ನೆನೆದರೆ ನನಗೆ ಹೆಮ್ಮೆ.

ಇನ್ನೊಂದು ಕೋರಿಕೆ. ಚೌಕಾಬಾರದ ಮನೆ ಗೀಚಿ ಮೊಮ್ಮಗಳ ಜೊತೆ ಕೂರಿ. ಐದು ಸಾಲು, ಐದು ಕಂಬ, 25 ಮನೆ. ನಾಲ್ಕು ಕವಡೆ ಎಸೆದು, ಬಿದ್ದಷ್ಟು ಮನೆ ಕಾಯಿ ನಡೆಸೋದರಲ್ಲಿ ಎಣಿಕೆ, ಕೂಡೋದು, ಮುಂದಾಲೋಚನೆ ಎಲ್ಲ ಇದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಸಂಖ್ಯೆ ಬರೆದ ಮನೆಗಳ ಆಟ ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಆಟ, ಆದರೆ ಮನೆಗಳಲ್ಲಿ ಬರೀ ಬಣ್ಣ. ಸಂಖ್ಯೆಯ ಆಟ ಆಡಿದವರಿಗೆ ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಅನ್ನೋದು ಎದ್ದು ಕಾಣುವಷ್ಟು ಸುಧಾರಿಸಿತು. ಒಟ್ಟು ಒಂದು ಗಂಟೆಯಷ್ಟು ಆಟಕ್ಕೆ! ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಕಡೆ ತೇಯ್ದರೆ ಆಯಿತು.

ಪ್ರಶ್ನೆ: ನಾವು ಶಾರ್ಜಾದಲ್ಲಿದ್ದೇವೆ. ಮಗನ ಶಾಲೆಯಲ್ಲಿ ಗಣಿತ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡದ ಲೆಕ್ಕದ ಕಥೆ ಓದಿದರೆ ಗೊಂದಲ ಆಗುತ್ತಾ?
— ಒಬ್ಬ ತಾಯಿ

ಉತ್ತರ: ಆಗಲ್ಲ, ಧೈರ್ಯವಾಗಿ ಓದಿ. ಏಳು ಮರಿಯಲ್ಲಿ ನಾಲ್ಕು ಹೊರಗಿದ್ದರೆ ಒಳಗೆ ಮೂರು ಅನ್ನೋದನ್ನು ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡವನು ಇನ್ನೊಂದರಲ್ಲಿ ಹೊಸದಾಗಿ ಕಲಿಯಬೇಕಿಲ್ಲ, ಹೆಸರು ಗೊತ್ತಾದರೆ ಸಾಕು. ಕಥೆ ಕನ್ನಡದಲ್ಲಿ ನಡೆಯಲಿ. ಉತ್ತರ ಇಂಗ್ಲಿಷಿನಲ್ಲಿ ಹೇಳಿದರೆ ತಡೆಯಬೇಡಿ, ನೀವು ಕನ್ನಡದಲ್ಲಿ ಇನ್ನೊಂದು ಸಲ ಹೇಳಿ. ಊರಲ್ಲಿರುವ ಅಜ್ಜಿ ವಿಡಿಯೊ ಕರೆಯಲ್ಲಿ ಅದೇ ಪುಸ್ತಕ ತೆರೆದುಕೊಂಡು ಪ್ರಶ್ನೆ ಕೇಳಬಹುದು. ಕೆಲವು ಮನೆಗಳಲ್ಲಿ ಹಾಗೆ ಮಾಡಿ ಚೆನ್ನಾಗಿ ನಡೆದಿದೆ.

ಪ್ರಶ್ನೆ: ಅಕ್ಕಾ, ನನಗೆ ಗಣಿತ ಅಂದರೆ ಮೊದಲಿಂದ ಭಯ. ಎಸ್ಸೆಸ್ಸೆಲ್ಸಿ ಗಣಿತ ಎರಡನೇ ಸಲಕ್ಕೆ ಪಾಸು. ಈಗ ಮಗ ಒಂದನೇ ತರಗತಿ. ಕಥೆಯ ಆ್ಯಪ್ ಹಾಕಿಕೊಟ್ಟು ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ನಾನು ಪಕ್ಕದಲ್ಲಿ ಕೂತರೆ ನನ್ನ ಭಯ ಅವನಿಗೂ ಅಂಟುತ್ತೇನೋ ಅಂತ ಹೆದರಿಕೆ. ನಾನು ದೂರ ಇರೋದೇ ಒಳ್ಳೆಯದಲ್ವಾ?
— ಒಬ್ಬ ತಾಯಿ, ಚಿಂತಾಮಣಿ

ಉತ್ತರ: ದೂರ ಇರಬೇಡಮ್ಮ. ನೀನೇ ಪಕ್ಕದಲ್ಲಿ ಕೂರಬೇಕು.

ನಿನ್ನಂಥ ತಾಯಂದಿರ ಬಗ್ಗೆಯೇ ಒಂದು ದೊಡ್ಡ ಅಧ್ಯಯನ ಆಗಿದೆ. ಷಿಕಾಗೊ ವಿಶ್ವವಿದ್ಯಾಲಯದವರು ಒಂದನೇ ತರಗತಿಯ 587 ಮಕ್ಕಳ ಮನೆಗಳಿಗೆ ಟ್ಯಾಬ್ ಕೊಟ್ಟರು. ಹೆಚ್ಚಿನ ಮನೆಗಳಿಗೆ ಕೊಟ್ಟದ್ದು ಪುಟ್ಟ ಪುಟ್ಟ ಬರಹಗಳು, ಪ್ರತಿಯೊಂದರ ಕೊನೆಗೆ ಲೆಕ್ಕದ ಪ್ರಶ್ನೆ. ಉಳಿದ ಮನೆಗಳಿಗೆ ಅಂಥವೇ ಬರಹ, ಆದರೆ ಓದಿನ ಪ್ರಶ್ನೆ ಮಾತ್ರ. ಅಪ್ಪ ಅಮ್ಮ ಮಗುವಿನ ಜೊತೆ ಕೂತು ಓದಬೇಕು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಲೆಕ್ಕದ ಪ್ರಶ್ನೆ ಓದಿದ ಮನೆಗಳ ಮಕ್ಕಳು ವರ್ಷದ ಕೊನೆಗೆ ಗಣಿತದಲ್ಲಿ ಮುಂದೆ ಹೋಗಿದ್ದರು. ಅದರಲ್ಲೂ ಜಾಸ್ತಿ ಲಾಭ ಆದದ್ದು ಯಾರಿಗೆ ಗೊತ್ತಾ? ಗಣಿತ ಅಂದರೆ ಹೆದರುವ ಅಪ್ಪ ಅಮ್ಮಂದಿರ ಮಕ್ಕಳಿಗೆ. ದಿನಾ ಕೂರದೆ ವಾರಕ್ಕೊಮ್ಮೆ ಕೂತವರ ಮಕ್ಕಳಿಗೂ ಅನುಕೂಲ ಆಗಿತ್ತು.

ಯಾಕೆ ಅಂತ ನನಗನ್ನಿಸೋದು ಹೇಳ್ತೀನಿ. ಹೆದರುವವರು ಮನೆಯಲ್ಲಿ ಲೆಕ್ಕದ ಮಾತನ್ನೇ ಎತ್ತೋದಿಲ್ಲ. ಅಂಗಡಿ ಚಿಲ್ಲರೆ ಎಣಿಸೋದಕ್ಕೂ ಮಗುವನ್ನು ಕರೆಯೋದಿಲ್ಲ. ಕಥೆ ಕೈಗೆ ಬಂದರೆ ಮಾತಿಗೊಂದು ದಾರಿ ಸಿಗುತ್ತದೆ. ಪ್ರಶ್ನೆ ಪುಸ್ತಕ ಕೇಳಿತು, ನೀನು ಕೇಳಲಿಲ್ಲ. ಪರೀಕ್ಷೆ ಮಾಡುವವಳು ನೀನಲ್ಲ, ಅವನ ಜೊತೆ ಸೇರಿ ಯೋಚಿಸುವವಳು.

‘ನನಗೂ ಗಣಿತ ಬರ್ತಿರಲಿಲ್ಲ ಬಿಡು’ ಅಂತ ಮಾತ್ರ ಅವನ ಮುಂದೆ ಹೇಳಬೇಡ. ಸಮಾಧಾನಕ್ಕೆ ಹೇಳುವ ಮಾತಾದರೂ ಮಗು ಅದನ್ನು ಮನೆತನದ ಗುಣ ಅಂತ ಹಿಡಿದುಕೊಳ್ಳುತ್ತದೆ.

ಒಂದನೇ ತರಗತಿಯ ಕಥೆಯಲ್ಲಿ ಬರೋದು ಇಪ್ಪತ್ತರೊಳಗಿನ ಲೆಕ್ಕ. ನೀನು ದಿನಾ ಅದಕ್ಕಿಂತ ದೊಡ್ಡ ಲೆಕ್ಕ ಮಾಡ್ತೀಯ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೊಂಡು ಉಳಿದ ಚಿಲ್ಲರೆ ಸರಿಯಾಗಿ ವಾಪಸ್ ತರೋಳು ನೀನೇ ಅಲ್ವಾ? ಇವತ್ತು ರಾತ್ರಿ ಅಡುಗೆ ಮುಗಿದ ಮೇಲೆ ಒಂದು ಕಥೆ ತೆರೆ. ಪೂರ್ತಿ ಓದಬೇಕಂತಿಲ್ಲ. ಸಂಖ್ಯೆ ಬರುವ ಒಂದು ಪುಟದಲ್ಲಿ ನಿಲ್ಲಿಸಿ, ಅವನು ಪರದೆ ಮುಟ್ಟುವ ಮೊದಲೇ ‘ಎಷ್ಟು ಬರಬಹುದು?’ ಅಂತ ಕೇಳು. ಅವನು ಏನಾದರೂ ಹೇಳ್ತಾನೆ. ಸರಿಯಿದ್ದರೂ ತಪ್ಪಿದ್ದರೂ ‘ಹೇಗೆ ಗೊತ್ತಾಯ್ತು?’ ಅಂತ ಒಂದೇ ದನಿಯಲ್ಲಿ ಕೇಳು. ಬರೀ ತಪ್ಪಾದಾಗ ಕೇಳಿದರೆ ಆ ಪ್ರಶ್ನೆಗೇ ಅವನು ಹೆದರುತ್ತಾನೆ. ಅವನು ವಿವರಿಸುವಾಗ ತಪ್ಪಿದ್ದರೆ ಹೆಚ್ಚಿನ ಸಲ ಅವನೇ ತಿದ್ದಿಕೊಳ್ತಾನೆ. ತಿದ್ದಿಕೊಳ್ಳದಿದ್ದರೆ ಬೆರಳೋ ಕಡಲೆಬೀಜವೋ ಇಟ್ಟು ಇಬ್ಬರೂ ಎಣಿಸಿ, ಆಮೇಲೆ ಪರದೆ ಮುಟ್ಟಲಿ. ಅವನು ಹೇಳಿದ ವಿವರಣೆಯನ್ನು ಅವನ ಮಾತಿನಲ್ಲೇ ಬರೆದು ನನಗೆ ಕಳಿಸು. ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ಅದರಲ್ಲೇ ತಿಳಿಯುತ್ತದೆ, ಮುಂದಿನ ಕಥೆ ಯಾವುದು ಅಂತ ಆಗ ಹೇಳ್ತೀನಿ.